ಬೂಟ್‌ಲೋಡರ್ ಬಾಗಿಲಲ್ಲಿ ನಿಂತ ಟೆಸ್ಟುಗಳು

ಗವಿಯ ಕತ್ತಲಲ್ಲಿ ಕೂತು ಊರಿಗೆಲ್ಲ ಬೆಳಕು ಕೊಡುವ ಗಂಗಾಧರೇಶ್ವರನಿಗೆ ಮೊದಲ ನಮಸ್ಕಾರ. ಅವನ ಮಗ ವಿಘ್ನರಾಜನಿಗೆ ಇನ್ನೊಂದು. ಇಬ್ಬರ ಅಪ್ಪಣೆ ಇದ್ದರೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ಅಳು ಬರುತ್ತದೆ. ಆಮೇಲೆ ಯಾರಿಗಾದರೂ ಹೇಳಿದರೆ ಅವರು ನಗುತ್ತಾರೆ. ಅವರು ನಕ್ಕರಲ್ಲ ಅಂತ ನಾನೂ ನಗುತ್ತೇನೆ.

ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ, ಹಳೆಯ ಮನೆಯ ಮಹಡಿ ಮೇಲೆ ನಮ್ಮ ಕಾರ್ಖಾನೆ. ಬಾಗಿಲ ಮೇಲೆ ಹಾಗೆ ಬರೆದಿರುವುದರಿಂದ ನಾನೂ ಕಾರ್ಖಾನೆ ಅನ್ನುತ್ತೇನೆ. ಒಂದು ಕಾಲಕ್ಕೆ ಊಟದ ಡಬ್ಬಿ ಇಡುವುದಕ್ಕೂ ಜಾಗ ಸಾಲದಷ್ಟು ಜನ ಇದ್ದೆವು. ಕೊನೆಗೆ ಉಳಿದವರು ನಾಲ್ಕು ಜನ. ಯಜಮಾನರು, ಬೋರ್ಡಿನ ವಿನ್ಯಾಸ ಮಾಡುವ ಹಾರ್ಡ್‌ವೇರಿನವರು, ಕಾಲೇಜು ಮುಗಿಸಿ ಬಂದ ಹೊಸ ಹುಡುಗಿ, ಟೆಸ್ಟು ಬರೆಯುವ ನಾನು. ಕಾಫಿ ತರಿಸಿದರೆ ಎರಡು ಬೈ ಟು. ಖಾಲಿ ಕುರ್ಚಿಗಳು ಸಾಲಾಗಿ ಹಾಗೇ ಇದ್ದವು. ಮಾರೋಣ ಸರ್ ಅಂದರೆ ಯಜಮಾನರು, "ಇರ್ಲಿ ಬಿಡಿ, ಕುರ್ಚಿ ಇದ್ರೆ ಯಾರಾದ್ರೂ ಬರಬಹುದು ಅನ್ಸುತ್ತೆ" ಅನ್ನುತ್ತಿದ್ದರು.

ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಆಸ್ಪತ್ರೆಯಲ್ಲಿ ಬೆಚ್ಚಗಿಡುವ ಪೆಟ್ಟಿಗೆ ನೋಡಿರುತ್ತೀರಿ. ಅದರ ಶಾಖವನ್ನು ಹದದಲ್ಲಿಡುವ ಎಲೆಕ್ಟ್ರಾನಿಕ್ ಬೋರ್ಡು ನಾವು ಮಾಡುತ್ತಿದ್ದುದು. ಬೋರ್ಡಿನ ಮೆಮೊರಿ ಸರಿಯಿದೆಯೇ, ಶಾಖ ಅಳೆಯುವ ಭಾಗ ಸರಿಯಿದೆಯೇ ಎಂದು ಒಂದೊಂದನ್ನೇ ವಿಚಾರಿಸುವ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದು ನನ್ನ ಕೆಲಸ. ಅವಕ್ಕೇ ಟೆಸ್ಟು ಅನ್ನುವುದು. ಹಳೆಯ ಬೋರ್ಡಿಗೆ ಬಾಗಿಲೇ ಇರಲಿಲ್ಲ. ಟೆಸ್ಟನ್ನು ನೇರವಾಗಿ ಚಿಪ್ಪಿಗೆ ಬರೆದು ಸ್ವಿಚ್ ಹಾಕಿದರೆ ಓಡುತ್ತಿತ್ತು. ಹೊಸ ಬೋರ್ಡಿಗೆ ಮಾತ್ರ ಬೂಟ್‌ಲೋಡರ್ ಅಂತ ಒಬ್ಬ ದ್ವಾರಪಾಲಕ ಬಂದ. ಕರೆಂಟು ಬಂದ ತಕ್ಷಣ ಮೊದಲು ಏಳುವವನು ಅವನೇ. ಅವನು ಬಿಟ್ಟರೆ ಉಳಿದವರು ಒಳಗೆ.

ಪೆಟ್ಟಿಗೆ ಮಾಡುವ ಕಂಪನಿಯವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ತಪಾಸಣೆಯ ದಿನ ನಿಮ್ಮ ಟೆಸ್ಟುಗಳು ಈ ಬೂಟ್‌ಲೋಡರ್ ಮೂಲಕವೇ ಒಳಗೆ ಹೋಗಿ ಓಡಬೇಕು, ಇಲ್ಲದಿದ್ದರೆ ಆರ್ಡರು ಬೇರೆಯವರಿಗೆ. ಯಜಮಾನರು ನಮ್ಮನ್ನು ಕೂರಿಸಿಕೊಂಡು, "ಇದು ಹೋದ್ರೆ ಬೀಗ ಹಾಕೋದೇ. ಮುಚ್ಚುಮರೆ ಮಾಡಲ್ಲ ನಿಮ್ಮ ಹತ್ರ" ಅಂದರು. ಅಂದು ಬೈ ಟು ಕಾಫಿಯೂ ಯಾರಿಗೂ ಸೇರಲಿಲ್ಲ.

ಕೈಗುಣ

ಬೂಟ್‌ಲೋಡರ್ ಮುಂದೆ ಬರೀ ಪ್ರೋಗ್ರಾಂ ಹೋಗಿ ನಿಂತರೆ ನಡೆಯುವುದಿಲ್ಲ. ಅದರ ತಲೆಯ ಮೇಲೆ ಒಂದು ಪೀಠಿಕೆ ಇರಬೇಕು. ನಾನು ಇಂಥವನು, ನನ್ನ ಉದ್ದ ಇಷ್ಟು, ನನ್ನನ್ನು ಮೆಮೊರಿಯ ಇಂಥ ಜಾಗದಲ್ಲಿ ಕೂರಿಸಿ, ಇಂಥ ಕಡೆಯಿಂದ ಓಡಿಸಿ, ಇಗೋ ನನ್ನ ಲೆಕ್ಕದ ಮೊತ್ತ, ತಾಳೆ ನೋಡಿಕೊಳ್ಳಿ. ಇಷ್ಟನ್ನೂ ಹೇಳಿಕೊಳ್ಳಬೇಕು. ಅರ್ಚನೆಗೆ ಮುಂಚೆ ಹೆಸರು, ಗೋತ್ರ, ನಕ್ಷತ್ರ ಹೇಳುವುದಿಲ್ಲವೇ, ಹಾಗೆ ಅಂದೆ ಹೊಸ ಹುಡುಗಿಗೆ.

ಹಾರ್ಡ್‌ವೇರಿನವರು ಪಕ್ಕದಲ್ಲೇ ಬೆಸುಗೆ ಹಾಕುತ್ತಿದ್ದರು. ಕನಕಪುರದ ಕಡೆಯವರು. ದೇವಸ್ಥಾನಕ್ಕೆ ಬಂದರೆ ಪ್ರಸಾದದ ಹೊತ್ತಿಗೆ ಬರುವವರು. ತಲೆ ಎತ್ತದೆ ಅಂದರು, "ಅಂದ್ರೆ ನಿಮ್ಮ ಟೆಸ್ಟುಗಳು ಇಷ್ಟು ವರ್ಷ ಗೋತ್ರ ಇಲ್ದೇ ಓಡಾಡ್ಕೊಂಡಿದ್ವು ಅನ್ನಿ."

ಹೇಗೋ ಪೀಠಿಕೆ ಕಟ್ಟಿದೆವು. ಆದರೆ ಈ ದ್ವಾರಪಾಲಕನಿಗೆ ತಾಳ್ಮೆ ಕಡಿಮೆ. ಸ್ವಿಚ್ ಹಾಕಿದ ಮೇಲೆ ಮೂರೇ ಸೆಕೆಂಡು ಕಾಯುತ್ತಾನೆ. ಅಷ್ಟರಲ್ಲಿ ಕಂಪ್ಯೂಟರಿನ ಕೀ ಒತ್ತಿ, ಹೊಸ ಪ್ರೋಗ್ರಾಂ ತಂದಿದ್ದೇವೆ ಎಂದು ತಿಳಿಸಬೇಕು. ಇಲ್ಲದಿದ್ದರೆ ಯಾರೂ ಬಂದಿಲ್ಲವೆಂದು ಒಳಗಿರುವ ಹಳೆಯದನ್ನೇ ಓಡಿಸುತ್ತಾನೆ.

ಹುಡುಗಿ ಮಾಡಿದರೆ ಲೋಡ್ ಆಗುತ್ತಿತ್ತು. ನಾನು ಮಾಡಿದರೆ ಆಗುತ್ತಿರಲಿಲ್ಲ. ಅದೇ ಬೋರ್ಡು, ಅದೇ ತಂತಿ. ತಂತಿ ಬದಲಾಯಿಸಿದೆ, ಕುರ್ಚಿ ಬದಲಾಯಿಸಿದೆ, ಬೆಳಗ್ಗೆ ಬಿಟ್ಟು ಮಧ್ಯಾಹ್ನ ಮಾಡಿದೆ. ಇಲ್ಲ. "ಕೈಗುಣ ಸ್ವಾಮಿ, ಏನೂ ಮಾಡಕ್ಕಾಗಲ್ಲ" ಅಂದರು ಹಾರ್ಡ್‌ವೇರಿನವರು. ನನಗೆ ನಿಜಕ್ಕೂ ಮನಸ್ಸು ಕುಗ್ಗಿತು. ವಯಸ್ಸಾದರೆ ಮನೆಯವರು ಮಾತು ಕೇಳುವುದಿಲ್ಲ, ಅದು ಸರಿ. ಚಿಪ್ಪೂ ಕೇಳುವುದಿಲ್ಲವೆಂದರೆ ಇನ್ನು ಇಲ್ಲಿ ನನಗೇನು ಕೆಲಸ ಎಂದು ಊಟವನ್ನೂ ಅರ್ಧಕ್ಕೆ ಬಿಟ್ಟೆ.

ಹುಡುಗಿ ನನ್ನ ಬೆನ್ನ ಹಿಂದೆ ಬಂದು ನಿಂತಳು. "ಸರ್, ನಾನಿದೀನಿ, ಇನ್ನೊಂದ್ಸಲ ಮಾಡಿ" ಅಂದಳು. ಮಾಡಿದೆ. ಆಗಲಿಲ್ಲ.

"ಸರ್, ಸ್ವಿಚ್ ಹಾಕಿದ್ಮೇಲೆ ಕಣ್ಣು ಮುಚ್ಕೊಂಡ್ರಲ್ಲ, ಏನ್ ಮಾಡ್ತಿದ್ರಿ?"

"ಗಣಪತಿ ಶ್ಲೋಕ ಹೇಳ್ಕೋತಿದ್ದೆ ಕಣಮ್ಮ. ಹೊಸ ಕೆಲಸ ಅಲ್ವಾ."

"ಪೂರ್ತಿ ಹೇಳ್ತೀರಾ?"

"ಶ್ಲೋಕ ಅರ್ಧಕ್ಕೆ ನಿಲ್ಸೋಕಾಗುತ್ತಾ?"

ಹಾರ್ಡ್‌ವೇರಿನವರು ಬೆಸುಗೆ ಕಡ್ಡಿ ಕೆಳಗಿಟ್ಟರು. "ಸ್ವಾಮಿ, ನಿಮ್ಮ ದೇವರು ಎಷ್ಟೊತ್ತು ಬೇಕಾದ್ರೂ ಕಾಯ್ತಾನೆ. ಈ ಚಿಪ್ಪು ಕಾಯಲ್ಲ. ಮೊದ್ಲು ಅವನ ಹತ್ರ ಮಾತು ಮುಗ್ಸಿ, ಆಮೇಲೆ ಕರೆಂಟ್ ಕೊಡಿ."

ಆಯುಧಪೂಜೆ

ಆ ವರ್ಷದ ಆಯುಧಪೂಜೆಯನ್ನು ಯಜಮಾನರು ಬಹಳ ಜೋರಾಗಿ ಮಾಡಿದರು. ಇದೇ ಕೊನೆಯದೇನೋ ಎಂಬ ಭಯ ಅವರ ಕೈಯಲ್ಲಿ ಕಾಣುತ್ತಿತ್ತು. ಹೂವಂಗಡಿಯಿಂದ ಸೇವಂತಿಗೆ ಮೂಟೆಯನ್ನೇ ತರಿಸಿದ್ದರು. ಬೆಸುಗೆ ಕಡ್ಡಿಗೆ, ಮೀಟರಿಗೆ, ಸ್ಕ್ರೂಡ್ರೈವರಿಗೆ ಗಂಧ ಕುಂಕುಮ ಇಟ್ಟರು. ಖಾಲಿ ಕುರ್ಚಿಗಳಿಗೂ ಇಟ್ಟರು, ಒಂದೊಂದಕ್ಕೂ. ಕೊನೆಗೆ ನಮ್ಮ ಹತ್ತಿರ ಇದ್ದ ಒಂದೇ ಒಂದು ಮಾದರಿ ಬೋರ್ಡನ್ನು ಮಣೆಯ ಮೇಲಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ನೀರಾಗಿ ಕಲಸಿದ ಗಂಧ ಹಚ್ಚಿದರು.

ಮಾರನೆಯ ದಿನದಿಂದ ಬೂಟ್‌ಲೋಡರ್ ಮಾತೇ ಆಡಲಿಲ್ಲ. ಕರೆಂಟು ಕೊಟ್ಟರೆ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಪೀಠಿಕೆ ತಪ್ಪಿರಬೇಕೆಂದು ಅದನ್ನು ಬಿಚ್ಚಿ ಕಟ್ಟಿದೆವು. ಟೆಸ್ಟನ್ನು ಬಿಚ್ಚಿ ಕಟ್ಟಿದೆವು. ಯಜಮಾನರು ಬಾಗಿಲಲ್ಲಿ ಬಂದು ನಿಲ್ಲುವುದು, ನಮ್ಮ ಮುಖ ನೋಡಿ ಏನೂ ಕೇಳದೆ ಹಿಂದಿರುಗುವುದು. ಒಂದು ವಾರ ಹೀಗೇ ಹೋಯಿತು.

ಹಾರ್ಡ್‌ವೇರಿನವರು ಕೊನೆಗೆ ಭೂತಗನ್ನಡಿ ಹಿಡಿದು ಕೂತರು. ಬೋರ್ಡಿನ ಮೂಲೆಯಲ್ಲಿ ಎರಡು ಪಿನ್ನುಗಳಿವೆ. ಅವೆರಡನ್ನೂ ಯಾರಾದರೂ ಬೇಕೆಂದೇ ಸೇರಿಸಿದರೆ ಬೂಟ್‌ಲೋಡರ್, ಒಳಗೆ ರಿಪೇರಿ ನಡೆದಿದೆ ಎಂದು ತಿಳಿದು, ಯಾರನ್ನೂ ಬಿಡದೆ ಸುಮ್ಮನೆ ಕೂರುತ್ತದೆ. ಆ ಎರಡು ಪಿನ್ನುಗಳ ಮಧ್ಯೆ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಅಕ್ಷತೆ ಕಾಳು. ಕುಂಕುಮದ ಕೆಳಗೆ ಇನ್ನೂ ಆರದ ಗಂಧದ ತೇವವೇ ಎರಡನ್ನೂ ಸೇರಿಸಲು ಸಾಕಾಗಿತ್ತು.

ಏನು ಕೆಟ್ಟರೂ ಕಾರಣ ಬರೆದು ಗೋಡೆಯ ಹಲಗೆಗೆ ಅಂಟಿಸುವುದು ನಮ್ಮಲ್ಲಿನ ಪದ್ಧತಿ. ಹಾರ್ಡ್‌ವೇರಿನವರು ಒಂದು ಚೀಟಿಯಲ್ಲಿ, "ಕಾರಣ: ಅತಿಯಾದ ಭಕ್ತಿ" ಎಂದು ಬರೆದು ಅಂಟಿಸಿದರು. ಯಜಮಾನರು ಬಂದು ಓದಿದರು. ಅವರು ಜೇಬಿನಿಂದ ಪೆನ್ನು ತೆಗೆದು "ಅತಿಯಾದ" ಅನ್ನುವುದನ್ನು ಮಾತ್ರ ಹೊಡೆದುಹಾಕಿ, ಕೆಳಗೆ ಸಹಿ ಮಾಡಿ ಹೋದರು.

ರುಬ್ಬುವ ಹೊತ್ತು

ಕೆಳಗಿನ ಮನೆಯಲ್ಲಿ ಒಂದು ಚಿಕ್ಕ ಹೋಟೆಲು. ದೋಸೆ, ಇಡ್ಲಿ, ನಮ್ಮ ಬೈ ಟು ಕಾಫಿ. ಅದನ್ನು ನಡೆಸುವಾಕೆ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೂ ಒಂದು ದಿನವೂ ಒಲೆ ಆರಿಸದವರು.

ಪೂಜೆಯ ಗಂಧ ತೊಳೆದ ಮೇಲೆ ಬೂಟ್‌ಲೋಡರ್ ಮತ್ತೆ ಮಾತಾಡಿತು. ಆದರೆ ಟೆಸ್ಟನ್ನು ಕಳಿಸಿದರೆ ಕೊನೆಯ ಗಳಿಗೆಯಲ್ಲಿ ಮೊತ್ತ ತಾಳೆಯಾಗುತ್ತಿಲ್ಲ ಎಂದು ಹಿಂದಕ್ಕೆ ಕಳಿಸುತ್ತಿತ್ತು. ನಾವು ಕಳಿಸಿದ್ದರಲ್ಲಿ ಒಂದು ಅಕ್ಷರ ದಾರಿಯಲ್ಲಿ ಕೆಟ್ಟರೂ ಅದು ಇಡಿಯನ್ನೇ ತಿರಸ್ಕರಿಸುತ್ತದೆ. ಇದೂ ಬೆಳಗ್ಗೆ ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಸಲೀಸಾಗಿ ಲೋಡ್ ಆಗುತ್ತಿತ್ತು. ನಾನು ರಾಹುಕಾಲದ ಲೆಕ್ಕ ಹಾಕಿ ನೋಡಿದೆ, ಹೊಂದಲಿಲ್ಲ. ಹುಡುಗಿಯೇ ಕಂಡುಹಿಡಿದಳು. ಕೆಳಗೆ ಗ್ರೈಂಡರ್ ತಿರುಗುವಾಗಲೆಲ್ಲ ನಮ್ಮ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಅಜ್ಜನ ಕಾಲದ ಮನೆ, ಮೇಲಕ್ಕೂ ಕೆಳಕ್ಕೂ ಒಂದೇ ವೈರಿಂಗು. ಅಕ್ಕಿ ಉದ್ದು ತಿರುಗಿದ ಹಾಗೆ ನಮ್ಮ ತಂತಿಯಲ್ಲಿ ಅಕ್ಷರಗಳೂ ಕಲಸಿಹೋಗುತ್ತಿದ್ದವು.

ನಾನು ಕೆಳಗೆ ಹೋಗಿ ಕೈಮುಗಿದು ವಿಷಯ ಹೇಳಿದೆ. ಆಕೆ ಸೌಟು ಹಿಡಿದುಕೊಂಡೇ ಕೇಳಿದರು.

"ಅಂದ್ರೆ ನಾನು ರುಬ್ಬಿದ್ರೆ ನಿಮ್ದು ಕೆಡುತ್ತೆ."

"ಹೌದಮ್ಮ. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಪೂರ್ತಿ ವಾಪಸ್."

"ಎಷ್ಟು ದಿನದಿಂದ ಹೀಗೆ ಕಳಿಸ್ತಾ ಇದೀರಿ?"

"ತಿಂಗಳಾಯ್ತು."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟದಲ್ಲಿ ಬೇಸರವಿರಲಿಲ್ಲ, ಮರುಕವಿತ್ತು. "ನಮ್ಮ ಹಿಟ್ಟು ಹುಳಿ ಬಂದ್ರೆ ದೋಸೆ ಆಗುತ್ತೆ, ಇನ್ನೂ ಹುಳಿ ಬಂದ್ರೆ ಪಡ್ಡು ಆಗುತ್ತೆ. ನಿಮ್ದು ಒಂದು ಕಾಳು ಕೆಟ್ರೆ ಏನೂ ಆಗಲ್ಲ. ಯಾವ ಧೈರ್ಯದ ಮೇಲೆ ಸ್ವಾಮಿ ಈ ವ್ಯಾಪಾರಕ್ಕೆ ಇಳಿದ್ರಿ?"

ಆದರೂ ನಮಗೆ ಅನುಕೂಲ ಮಾಡಿಕೊಟ್ಟರು. ಅಂದಿನಿಂದ ಬೆಳಗ್ಗೆ ರುಬ್ಬುವ ಮುಂಚೆ ಮೆಟ್ಟಿಲ ಕೆಳಗೆ ನಿಂತು, "ಮೇಲಿನವರೇ, ನಿಮ್ದು ಒಳಗೆ ಹೋಯ್ತಾ, ನಾನು ಶುರು ಮಾಡ್ಲಾ" ಎಂದು ಕೇಳುತ್ತಿದ್ದರು. ತಡವಾದ ದಿನ ಗಿರಾಕಿಗಳಿಗೆ ಹೇಳುತ್ತಿದ್ದರಂತೆ, "ಇಡ್ಲಿ ಇವತ್ತು ಲೇಟು. ಮೇಲೆ ಇನ್ನೂ ಬಾಗಿಲು ತೆಗ್ದಿಲ್ಲ ಅವರಿಗೆ."

ಭಸ್ಮಾಸುರ

ಮೆಮೊರಿಯ ಟೆಸ್ಟು ಎಲ್ಲಕ್ಕಿಂತ ಮುಖ್ಯ. ಅದು ಮೆಮೊರಿಯ ಮನೆಮನೆಗೂ ಹೋಗಿ, ಅಲ್ಲಿದ್ದದ್ದನ್ನು ಅಳಿಸಿ, ಒಂದು ಗುರುತು ಬರೆದು, ಮತ್ತೆ ಓದಿ, ಬರೆದದ್ದೇ ಸಿಕ್ಕಿತೇ ಎಂದು ನೋಡುತ್ತದೆ. ಬೂಟ್‌ಲೋಡರ್ ಅದನ್ನು ಒಪ್ಪಿಕೊಂಡಿತು, ಕೂರಿಸಿತು, ಓಡಿಸಿತು. ಓಡಿದ ಅರೆಗಳಿಗೆಗೆ ಬೋರ್ಡು ಸತ್ತ ಹಾಗೆ ಬಿತ್ತು. ಮತ್ತೆ ಓಡಿಸಿದರೆ ಮತ್ತೆ ಹಾಗೇ.

ನೋಡಿದರೆ, ಯಾವ ಮೆಮೊರಿಯನ್ನು ಅಳಿಸಬೇಕಿತ್ತೋ ಅದರಲ್ಲೇ ನಮ್ಮ ಟೆಸ್ಟೂ ಕೂತಿತ್ತು. ಅಳಿಸುತ್ತ ಅಳಿಸುತ್ತ ತಾನಿದ್ದ ಮನೆಗೆ ಬಂದು ತನ್ನನ್ನೇ ಅಳಿಸಿಕೊಳ್ಳುತ್ತಿತ್ತು.

"ಭಸ್ಮಾಸುರ" ಅಂದೆ ನಾನು.

ಹುಡುಗಿಗೆ ಕಥೆ ಗೊತ್ತಿರಲಿಲ್ಲ. ನನಗೆ ಅಂಥ ಅವಕಾಶ ಸಿಗುವುದೇ ಅಪರೂಪ. ಕುರ್ಚಿ ಎಳೆದುಕೊಂಡು ಹೇಳಿದೆ. ಅವನು ತಪಸ್ಸು ಮಾಡಿದ್ದು, ತಾನು ಯಾರ ತಲೆ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂಬ ವರ ಕೇಳಿದ್ದು, ಕೊಟ್ಟ ಶಿವನ ತಲೆಗೇ ಕೈ ನೀಡಿದ್ದು, ಶಿವ ಓಡಿದ್ದು, ವಿಷ್ಣು ಮೋಹಿನಿಯಾಗಿ ಬಂದು ಕುಣಿದದ್ದು, ಅವಳ ಜೊತೆ ಕುಣಿಯುತ್ತ ಅಸುರ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡದ್ದು. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆಂದಿತು. ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ಆರ್ಡರಿನ ಮಾತು ಬಿಟ್ಟು ಬೇರೆ ಮಾತು ನಡೆದಿತ್ತು. ಹಾರ್ಡ್‌ವೇರಿನವರೂ ಕೆಲಸ ನಿಲ್ಲಿಸಿ ಕೇಳಿದರು.

ಕಥೆ ಮುಗಿಯುವ ಹೊತ್ತಿಗೆ ಹುಡುಗಿ ಕಂಪ್ಯೂಟರಿನತ್ತ ತಿರುಗಿ ಏನೋ ಒತ್ತುತ್ತಿದ್ದಳು. "ಸರ್, ಚಿಪ್ಪಿನ ಒಳಗೇ ಒಂದು ಪುಟ್ಟ ಮೆಮೊರಿ ಇದೆ. ಪೀಠಿಕೇಲಿ ವಿಳಾಸ ಬದಲಾಯಿಸಿ ಟೆಸ್ಟನ್ನ ಅಲ್ಲಿ ಕೂರಿಸ್ದೆ. ಈಗ ಹೊರಗಡೆ ಮೆಮೊರಿ ಪೂರ್ತಿ ಅಳಿಸಿದ್ರೂ ಅದಕ್ಕೇನೂ ಆಗಲ್ಲ."

ಓಡಿಸಿದೆವು. ಮೊದಲಿನಿಂದ ಕೊನೆಯವರೆಗೆ ಓಡಿತು.

ಹಾರ್ಡ್‌ವೇರಿನವರು ಬೆಸುಗೆ ಕಡ್ಡಿ ಮತ್ತೆ ಎತ್ತಿಕೊಳ್ಳುತ್ತ ಅಂದರು, "ಪಾಪ, ವಿಷ್ಣು ಅಷ್ಟೊಂದು ಕುಣಿಯೋ ಬದ್ಲು ಈ ಹುಡುಗೀನ ಒಂದು ಮಾತು ಕೇಳಿದ್ರೆ ಆಗ್ತಿತ್ತು."

ತಪಾಸಣೆ

ತಪಾಸಣೆಯ ದಿನ ಬಂತು. ಕಂಪನಿಯ ಕಟ್ಟಳೆ ಹೀಗಿತ್ತು. ನಾವು ಇಷ್ಟು ದಿನ ಅಭ್ಯಾಸ ಮಾಡಿದ ಬೂಟ್‌ಲೋಡರ್ ನಮೂನೆ ಮಾತ್ರ. ನಿಜವಾದದ್ದನ್ನು ತಪಾಸಣೆಯವರೇ ತರುತ್ತಾರೆ. ನಾವು ಹೊಸದಾಗಿ ಮಾಡಿಸಿಟ್ಟ ಬೋರ್ಡುಗಳಲ್ಲಿ ತಮಗೆ ಬೇಕಾದದ್ದನ್ನು ಆರಿಸಿ, ಅದರಲ್ಲಿ ಅದನ್ನು ಹಾಕಿ, ನಮ್ಮ ಟೆಸ್ಟನ್ನು ಕೊಡಿ ಅನ್ನುತ್ತಾರೆ. ಆ ಬೋರ್ಡುಗಳು ಬಂದದ್ದೇ ಹಿಂದಿನ ಸಂಜೆ. ಅವು ಬಂದ ಡಬ್ಬದ ಮೊಹರನ್ನು ನಾವು ಮುಟ್ಟುವ ಹಾಗಿರಲಿಲ್ಲ.

ಅಂದು ಬೆಳಗ್ಗೆ ಗವಿಪುರಕ್ಕೆ ಹೋಗಿ ಸ್ವಾಮಿಯ ಮುಂದೆ ನಿಂತೆ. ಬೇಡಿಕೊಳ್ಳುವಾಗ ಒಂದೇ ಬೇಡಬೇಕು ಎಂದು ನಮ್ಮ ತಾಯಿ ಕಲಿಸಿದ್ದರು. ನಾಲ್ಕು ಬೇಡಿದರೆ ಅದು ಸಂತೆಯ ಚೌಕಾಸಿ ಆಗುತ್ತದಂತೆ. ಒಂದೇ ಬೇಡಿದೆ. ಸ್ವಾಮಿ, ಲೋಡ್ ಆಗಲಿ.

ತಪಾಸಣೆಗೆ ಬಂದವರು ಮಲ್ಲೇಶ್ವರದ ಕಡೆಯ ಒಬ್ಬ ಮಧ್ಯವಯಸ್ಸಿನ ಹೆಂಗಸು. ಮಾತು ಕಡಿಮೆ. ಯಜಮಾನರು ತರಿಸಿದ ಬಾದಾಮಿ ಹಲ್ವವನ್ನು ಮುಟ್ಟಲಿಲ್ಲ. ಕೆಳಗಿನಾಕೆ ಗ್ರೈಂಡರಿನ ಸ್ವಿಚ್ಚಿಗೆ ಬಟ್ಟೆ ಕಟ್ಟಿ ಅಂದು ಹೋಟೆಲಿಗೇ ರಜೆ ಕೊಟ್ಟಿದ್ದರು. ತಪಾಸಣೆಯವರು ಒಂದು ಬೋರ್ಡು ಆರಿಸಿದರು, ತಮ್ಮ ಬೂಟ್‌ಲೋಡರ್ ಹಾಕಿದರು, "ಹ್ಞೂಂ, ಕೊಡಿ" ಅಂದರು.

ನಾನು ಪ್ರಾರ್ಥನೆ ಮುಗಿಸಿಕೊಂಡೇ ಸ್ವಿಚ್ ಹಾಕಿದೆ. ಪರದೆಯ ಮೇಲೆ ಚುಕ್ಕಿ ಚುಕ್ಕಿ ಚುಕ್ಕಿ. ಪೀಠಿಕೆ ಓದಿತು. ಉದ್ದ ಸರಿ. ಜಾಗ ಸರಿ. ಮೊತ್ತ ತಾಳೆ. ಬಾಗಿಲು ತೆರೆಯಿತು. ನಮ್ಮ ಟೆಸ್ಟು ಒಳಗೆ ಹೋಯಿತು. ಯಜಮಾನರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಶಾಖ ಅಳೆಯುವ ಭಾಗ, ಪಾಸ್. ಹೊರಗೆ ಸಂದೇಶ ಕಳಿಸುವ ಭಾಗ, ಪಾಸ್. ಮೆಮೊರಿ, ಫೇಲ್.

ತಪಾಸಣೆಯವರು ಇನ್ನೊಂದು ಬೋರ್ಡು ಆರಿಸಿದರು. ಸಲೀಸಾಗಿ ಲೋಡ್ ಆಯಿತು. ಮೆಮೊರಿ, ಫೇಲ್. ಮತ್ತೊಂದು. ಅದೂ ಹಾಗೇ. ಬರೆದದ್ದು ಒಂದು, ಓದಿದರೆ ಇನ್ನೊಂದು.

ಹಾರ್ಡ್‌ವೇರಿನವರು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ನಾನು ಹೇಳಿದ ಮೆಮೊರಿ ಚಿಪ್ಪಲ್ಲ" ಅಂದರು, ಮೆಲ್ಲಗೆ.

ಯಜಮಾನರು ಬೀದಿಯ ಕಡೆ ನೋಡುತ್ತ ಅಂದರು, "ಅಗ್ಗಕ್ಕೆ ಸಿಕ್ತು. ಮೇಲೆ ಅದೇ ನಂಬರು ಬರ್ದಿತ್ತು."

ತಪಾಸಣೆಯವರು ತಮ್ಮ ಸಾಮಾನು ಚೀಲಕ್ಕೆ ಹಾಕಿಕೊಂಡರು. ಹೋಗುವ ಮುಂಚೆ ನನ್ನ ಕಡೆ ತಿರುಗಿ, "ನಾನು ಇಷ್ಟು ವರ್ಷದಲ್ಲಿ ಇಂಥ ಒಳ್ಳೇ ಟೆಸ್ಟು ನೋಡಿಲ್ಲ" ಅಂದರು. ನಾನು ಕೈಮುಗಿದೆ. ಹಿಗ್ಗಬೇಕೋ ಕುಗ್ಗಬೇಕೋ ತಿಳಿಯಲಿಲ್ಲ.

ಆರ್ಡರು ಬೇರೆಯವರಿಗೆ ಹೋಯಿತು. ಒಂದು ವಾರದಲ್ಲಿ ಕಂಪನಿಯಿಂದ ಕೋರಿಕೆ ಬಂತು. ಆ ಬೇರೆಯವರ ಬೋರ್ಡುಗಳನ್ನು ಪರೀಕ್ಷೆ ಮಾಡಲು ನಿಮ್ಮ ಟೆಸ್ಟುಗಳನ್ನು ಕೊಡುತ್ತೀರಾ ಅಂತ. ಯಜಮಾನರು ಕೂಸುಗಳ ವಿಷಯ ಅಂತ ಮರುಮಾತಾಡದೆ ಕೊಟ್ಟರು. "ನಾಲ್ಕು ಜನ ಅರ್ಜಿ ಹಾಕ್ಕೊಂಡು ಓಡಾಡ್ತಿದೀವಿ, ಕೆಲಸ ಸಿಕ್ಕಿದ್ದು ಟೆಸ್ಟಿಗೆ ಮಾತ್ರ" ಅಂದರು ಹಾರ್ಡ್‌ವೇರಿನವರು.

ಬೀಗ ಹಾಕುವ ದಿನ ಯಜಮಾನರೂ ನಾನೂ ಕೊನೆಗೆ ಉಳಿದೆವು. ಹುಡುಗಿ ಅತ್ತುಕೊಂಡು ಆಗಲೇ ಇಳಿದು ಹೋಗಿದ್ದಳು. ಯಜಮಾನರು ಬೀಗವನ್ನು ಚಿಲಕಕ್ಕೆ ಸಿಕ್ಕಿಸಿ ಒತ್ತದೆ ಹಾಗೇ ನಿಂತಿದ್ದರು. ಸಮಾಧಾನ ಹೇಳಬೇಕೆಂದು ನನಗೆ ತೋಚಿದ್ದನ್ನು ಹೇಳಿದೆ.

"ಸರ್, ಬೇಜಾರು ಮಾಡ್ಕೋಬೇಡಿ. ಆ ಬೋರ್ಡು ಪೆಟ್ಟಿಗೇಲಿ ಕೂತು, ಯಾವ್ದೋ ತಾಯಿ ಕೂಸನ್ನ ಅದ್ರಲ್ಲಿ ಮಲಗ್ಸಿದ್ರೆ ಏನು ಗತಿಯಾಗ್ತಿತ್ತು. ದೇವರು ದೊಡ್ಡೋನು. ಅವತ್ತು ಬೆಳಗ್ಗೆ ಗವಿಗೆ ಹೋಗಿ ಕೇಳ್ಕೊಂಡೆ, ಕೇಳಿದ್ದನ್ನ ನಡೆಸ್ಕೊಟ್ಟ."

ಯಜಮಾನರು ಬೀಗ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಏನು ಕೇಳ್ಕೊಂಡ್ರಿ?"

"ಲೋಡ್ ಆಗ್ಲಿ ಅಂತ."

"ಆಮೇಲೆ?"

"ಅಷ್ಟೇ ಸರ್."

ಅವರು ಬೀಗ ಒತ್ತಿ, ಎಳೆದು ನೋಡಿ, ಮೆಟ್ಟಿಲಿಳಿಯುತ್ತ ಅಂದರು, "ಹೇಗೂ ಅಲ್ಲೀತನಕ ಹೋಗಿದ್ರಿ. ಪಾಸ್ ಆಗ್ಲಿ ಅಂತಾನೂ ಒಂದು ಮಾತು ಸೇರ್ಸೋಕೆ ಏನಾಗಿತ್ತು ನಿಮಗೆ?"

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಒಳ್ಳೆಯದಾಗಲಿ. ನಿಮ್ಮ ನಿಮ್ಮ ಮನೆಯ ಕೂಸುಗಳು ಬೆಚ್ಚಗೆ ಮಲಗಲಿ. ನೀವು ಬೇಡಿದ್ದನ್ನು ಸ್ವಾಮಿ ಕೊಡಲಿ, ಬೇಡಲು ಮರೆತದ್ದನ್ನು ತಾನೇ ನೆನಪಿಟ್ಟುಕೊಂಡು ಕೊಡಲಿ.